ಪರವಾನಗಿ ಮುಗಿಯುವ ದಿನ, ಅರ್ಜಿ ಕೊಟ್ಟ ದಿನ

ಜರ್ಮನಿಗೆ ಓದಲು ಹೊರಟ ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ನನಗೆ ವೀಸಾದ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ವಾಸದ ಪರವಾನಗಿಯ ಬಗ್ಗೆ ಒಂದನ್ನೂ ಕೇಳುವುದಿಲ್ಲ. ಬೆಂಗಳೂರಿನಲ್ಲಿ ಅರ್ಜಿ ಹಾಕಿ ಪಡೆಯುವ ವೀಸಾ ಕೆಲವು ತಿಂಗಳಲ್ಲಿ ಮುಗಿದುಹೋಗುತ್ತದೆ. ಆಮೇಲಿನ ವರ್ಷಗಳೆಲ್ಲ ಅಲ್ಲಿನ ವಿದೇಶಿಯರ ಕಚೇರಿ ಕೊಡುವ ಪರವಾನಗಿಯ ಮೇಲೆಯೇ ನಿಂತಿರುತ್ತವೆ. ವಿದ್ಯಾರ್ಥಿಯಾಗಿ, ಕೆಲಸ ಹುಡುಕುವವನಾಗಿ, ನಂತರ ನೌಕರನಾಗಿ ನಾನು ಆ ಕಚೇರಿಯ ಬಾಗಿಲು ತಟ್ಟಿದ್ದೇನೆ. ಆ ಅನುಭವದಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯವರಿಗೇ ಇರುವ ಒಂದು ತೊಡಕು. ನಾನು ಹುಟ್ಟಿದ ಹಳ್ಳಿ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗಿದೆ. ಜನನ ಪ್ರಮಾಣಪತ್ರದಲ್ಲಿ ಆ ಹಳ್ಳಿಯ ಹೆಸರಿದೆ, ಜಿಲ್ಲೆ ಬಿಜಾಪುರ ಎಂದಿದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬಿಜಾಪುರ ವಿಜಯಪುರವಾದದ್ದು 2014ರ ನವೆಂಬರ್ 1ರಂದು. ಈಗಿನ ವಿಳಾಸ ಬಾಗಲಕೋಟೆಯ ನವನಗರದ ಒಂದು ಸೆಕ್ಟರ್. ಸಾಲದ್ದಕ್ಕೆ ಒಂದು ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಇದೆಲ್ಲವನ್ನೂ ಜರ್ಮನ್ ಗುಮಾಸ್ತನಿಗೆ ವಿವರಿಸುತ್ತ ಕೂರಲು ಆಗುವುದಿಲ್ಲ. ಅದಕ್ಕೆ ನಾನು ಹಿಡಿದ ದಾರಿ ಇಷ್ಟೇ: ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವ ಮುನ್ನವೇ ಹೆಸರು ಮತ್ತು ಜನ್ಮಸ್ಥಳದ ಕಾಗುಣಿತವನ್ನು ನಿರ್ಧರಿಸಿಕೊಂಡೆ. ಮುಂದೆ ಪ್ರವೇಶಪತ್ರ, ವಿಮೆ, ಬಾಡಿಗೆ ಕರಾರು, ಬ್ಯಾಂಕ್ ಖಾತೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದದ್ದನ್ನೇ ಅಕ್ಷರ ಬಿಡದೆ ಬರೆದೆ. ಹಳೆಯ ಅಂಕಪಟ್ಟಿಗಳನ್ನು ತಿದ್ದಿಸಲು ಓಡಾಡಲಿಲ್ಲ. ಅವು ವಿಶ್ವವಿದ್ಯಾಲಯಕ್ಕೆ ಬೇಕು, ಪರವಾನಗಿಯ ಮೇಜಿನಲ್ಲಿ ಪಾಸ್‌ಪೋರ್ಟೇ ದೊಡ್ಡದು. ಈಗಿನವರಿಗೆ ವೀಸಾಕ್ಕೆ ಮೊದಲು, ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಬೇಕು. 2022ರ ನವೆಂಬರ್‌ನಿಂದ ಅದು ಕಡ್ಡಾಯ, ನನ್ನ ಕಾಲಕ್ಕೆ ಇರಲಿಲ್ಲ.

ಹಣದ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದೇ. ವಿದ್ಯಾರ್ಥಿಯ ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಅಂದರೆ ತಿಂಗಳಿಗೆ 992. ಅಪ್ಪ ಹೊಲದ ಉತಾರ ಹಿಡಿದುಕೊಂಡು ಸಾಲಕ್ಕೆ ಅಲೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ನವೀಕರಣದ ಸಮಯದಲ್ಲಿ ಇದೇ ಹಣದ ಪುರಾವೆಯನ್ನು ಮತ್ತೆ ಕೇಳುತ್ತಾರೆ. ಮೊದಲ ವರ್ಷದ ದುಡ್ಡು ಹೊಂದಿಸಿದ ಕೂಡಲೇ ಮನೆಯವರು ನಿಟ್ಟುಸಿರು ಬಿಟ್ಟು ಕೂತರೆ ಎರಡನೆಯ ಸಲ ಕಷ್ಟ. ನನಗೆ ವಿಶ್ವವಿದ್ಯಾಲಯದಲ್ಲೇ ಅರೆಕಾಲಿಕ ಕೆಲಸವಿತ್ತು. ಅದರ ಕರಾರು, ಸಂಬಳದ ಚೀಟಿಗಳು ಮತ್ತು ಖಾತೆಯಲ್ಲಿ ಉಳಿದ ಹಣ ಮೂರನ್ನೂ ಸೇರಿಸಿ ತೋರಿಸಿದೆ.

ಜರ್ಮನಿಗೆ ಇಳಿದ ಮೇಲೆ ಮೊದಲ ಕೆಲಸ ವಿಳಾಸದ ನೋಂದಣಿ, ಅವರು ಆನ್ಮೆಲ್ಡುಂಗ್ ಎನ್ನುವುದು. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಅದಕ್ಕೆ ಮನೆ ಮಾಲೀಕ ಸಹಿ ಮಾಡಿದ ದೃಢೀಕರಣ ಪತ್ರ ಬೇಕು, ಬಾಡಿಗೆ ಕರಾರೊಂದೇ ಸಾಲದು. ಸ್ನೇಹಿತನ ಕೋಣೆಯಲ್ಲಿ ನೆಲದ ಮೇಲೆ ಮಲಗಿ ಮೊದಲ ತಿಂಗಳು ಕಳೆಯುತ್ತೇನೆ ಎನ್ನುವವರಿಗೆ ಈ ಪತ್ರ ಸಿಗುವುದಿಲ್ಲ. ನೋಂದಣಿ ಇಲ್ಲದಿದ್ದರೆ ಪರವಾನಗಿಯ ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ. ಹಾಗಾಗಿ ಕೋಣೆ ಹುಡುಕುವಾಗ ಬಾಡಿಗೆಗಿಂತ ಮೊದಲು ಈ ಪತ್ರ ಕೊಡುತ್ತೀರಾ ಎಂದು ಕೇಳುತ್ತಿದ್ದೆ.

ಈಗ ನಿಜವಾದ ವಿಷಯ. ನನ್ನ ಪರವಾನಗಿ ಮುಗಿಯಲು ಮೂರು ತಿಂಗಳು ಇರುವಾಗಲೇ ಸಮಯ ಕಾಯ್ದಿರಿಸಲು ಹೊರಟೆ. ಕಚೇರಿಯ ಜಾಲತಾಣದಲ್ಲಿ ಒಂದೂ ದಿನ ಖಾಲಿ ಇರಲಿಲ್ಲ. ಫೋನ್ ಎತ್ತುವವರಿರಲಿಲ್ಲ. ಮಿಂಚಂಚೆಗೆ ಯಂತ್ರ ಬರೆದ ಉತ್ತರ ಬಂತು. ಊರಿಗೆ ಫೋನ್ ಮಾಡಿದಾಗ ಕಾಕಾ ಕೇಳಿದರು: "ಅವಧಿ ಮುಗಿದರೆ ಹಿಡಿದು ವಿಮಾನ ಹತ್ತಿಸಿಬಿಡುತ್ತಾರೇನಪ್ಪಾ?" ಅಲ್ಲಿದ್ದ ಸಹಪಾಠಿಗಳಲ್ಲೂ ಅದೇ ಭಯವಿತ್ತು.

ಜರ್ಮನಿಯ ವಾಸ ಕಾನೂನಿನ 81ನೆಯ ಕಲಮು ಈ ಭಯಕ್ಕೆ ಉತ್ತರ ಕೊಡುತ್ತದೆ. ಪರವಾನಗಿಯ ಅವಧಿ ಮುಗಿಯುವ ಮೊದಲೇ ನವೀಕರಣದ ಅರ್ಜಿ ಕೊಟ್ಟಿದ್ದರೆ, ಕಚೇರಿ ತೀರ್ಮಾನಿಸುವವರೆಗೂ ಹಳೆಯ ಪರವಾನಗಿ ಮುಂದುವರಿದಿದೆ ಎಂದೇ ಲೆಕ್ಕ. ಅದರಲ್ಲಿದ್ದ ಕೆಲಸದ ಹಕ್ಕೂ ಮುಂದುವರಿಯುತ್ತದೆ. ಕಚೇರಿ ತಡ ಮಾಡಿದರೆ ಅದು ಕಚೇರಿಯ ಸಮಸ್ಯೆ. ಆದರೆ ಒಂದು ದಿನ ತಡವಾಗಿ ಅರ್ಜಿ ಕೊಟ್ಟರೂ ಈ ರಕ್ಷಣೆ ತಾನಾಗಿ ದೊರೆಯುವುದಿಲ್ಲ. ಹೀಗಾಗಿ ಅಪಾಯಿಂಟ್‌ಮೆಂಟ್ ಸಿಗಲಿಲ್ಲವೆಂದು ಕೈಕಟ್ಟಿ ಕೂರುವುದಕ್ಕಿಂತ ದೊಡ್ಡ ದಡ್ಡತನ ಇನ್ನೊಂದಿಲ್ಲ. ಅರ್ಜಿ ನಮೂನೆ ಭರ್ತಿ ಮಾಡಿ, ಪಾಸ್‌ಪೋರ್ಟ್, ವಿಶ್ವವಿದ್ಯಾಲಯದ ದಾಖಲಾತಿ, ವಿಮೆ, ಹಣದ ಪುರಾವೆ, ವಿಳಾಸ ನೋಂದಣಿಗಳ ಝೆರಾಕ್ಸ್ ಲಗತ್ತಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅದನ್ನೇ ಮಿಂಚಂಚೆಯಲ್ಲೂ ಕಳುಹಿಸಿದೆ. ಅಂಚೆಯ ರಸೀದಿ ಮತ್ತು ತಲುಪಿದ ದಿನಾಂಕದ ಮುದ್ರಿತ ಪ್ರತಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡೆ. ಕರೆ ಬಂದದ್ದು ಅವಧಿ ಮುಗಿದು ಎಷ್ಟೋ ವಾರಗಳ ನಂತರ. ಎದುರಿಗೆ ಕುಳಿತ ಮಹಿಳೆ ಮೊದಲು ನೋಡಿದ್ದು ಆ ದಿನಾಂಕವನ್ನೇ. ಶುಲ್ಕ 93 ಯೂರೋ ಕಟ್ಟಿಸಿಕೊಂಡು, ಬೆರಳಚ್ಚು ತೆಗೆದುಕೊಂಡು ಕಳುಹಿಸಿದರು.

ಈ ನಡುವಿನ ಅವಧಿಗೆ ಅವರು ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ, ಫಿಕ್ಷನ್ಸ್‌ಬೆಷೈನಿಗುಂಗ್ ಎಂದು ಹೆಸರು. ತಾನಾಗಿ ಕೊಡದಿದ್ದರೆ ಕೇಳಿ ಪಡೆಯಬೇಕು. ಬ್ಯಾಂಕಿಗೆ, ಕೆಲಸ ಕೊಟ್ಟವರಿಗೆ ತೋರಿಸಲು ಇದೇ ಆಧಾರ. ಅದರ ಒಳಪುಟದಲ್ಲಿ ಗುರುತು ಹಾಕುವ ಚೌಕಗಳಿವೆ. ತಂಗಿಯ ಮದುವೆಗೋ ಜಾತ್ರೆಗೋ ಊರಿಗೆ ಬರಬೇಕೆಂದಿದ್ದರೆ ಆ ಚೌಕಗಳನ್ನು ಓದದೆ ಟಿಕೆಟ್ ತೆಗೆಯಬಾರದು. ಗುರುತು 81ನೆಯ ಕಲಮಿನ 4ನೆಯ ಉಪಕಲಮಿಗೆ ಬಿದ್ದಿದ್ದರೆ ಹೊರಗೆ ಹೋಗಿ ಮರಳಿ ಬರಬಹುದು. 3ನೆಯದಕ್ಕೆ ಬಿದ್ದಿದ್ದರೆ ಅಲ್ಲೇ ಇರಬಹುದೇ ಹೊರತು, ಹೊರಗೆ ಹೋದವರು ಆ ಪತ್ರದ ಬಲದಿಂದ ಒಳಗೆ ಬರಲಾಗದು. ದೀರ್ಘಾವಧಿ ವೀಸಾ ಅಥವಾ ಪರವಾನಗಿ ಇದ್ದು ಸಮಯಕ್ಕೆ ಅರ್ಜಿ ಕೊಟ್ಟವರಿಗೆ 4ನೆಯದೇ ಸಲ್ಲಬೇಕು, ಬೇರೆ ಗುರುತಿದ್ದರೆ ಅಲ್ಲೇ ನಿಂತು ಕೇಳಬೇಕು. ನಾನು ಬರುವಾಗ ಅವಧಿ ಮುಗಿದ ಕಾರ್ಡ್ ಮತ್ತು ಈ ಪತ್ರ ಎರಡನ್ನೂ ಇಟ್ಟುಕೊಂಡಿದ್ದೆ. ಮರಳುವಾಗ ಮುಂಬೈಯಲ್ಲಿ ವಿಮಾನ ಸಂಸ್ಥೆಯ ಕೌಂಟರಿನ ಹುಡುಗ ಅಂಥ ಕಾಗದವನ್ನು ಕಂಡೇ ಇರಲಿಲ್ಲವೆಂದು ತೋರುತ್ತದೆ. ಮೇಲಿನವರನ್ನು ಕರೆಸುವವರೆಗೂ ನಾನು ಸರದಿಯಿಂದ ಪಕ್ಕಕ್ಕೆ ಸರಿಯಲಿಲ್ಲ. ಅಂಥ ದಿನಕ್ಕೆಂದೇ ವಿಮಾನ ನಿಲ್ದಾಣವನ್ನು ಬಹಳ ಬೇಗ ತಲುಪುವುದು ಒಳ್ಳೆಯದು.

ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಕೆಲಸ ಸಿಕ್ಕ ನಂತರ ಬ್ಲೂ ಕಾರ್ಡ್, ಅಂದರೆ ಪದವೀಧರ ನೌಕರರಿಗೆ ಕೊಡುವ ವಾಸದ ಪರವಾನಗಿ. 2025ರಲ್ಲಿ ಅದಕ್ಕೆ ವರ್ಷದ ಸಂಬಳ ಕನಿಷ್ಠ 48,300 ಯೂರೋ ಇರಬೇಕಿತ್ತು. ಎಂಜಿನಿಯರ್‌ಗಳಂಥ ಕೊರತೆಯ ಕ್ಷೇತ್ರದವರಿಗೆ ಮತ್ತು ಪದವಿ ಪಡೆದು ಮೂರು ವರ್ಷ ದಾಟದವರಿಗೆ ಮಿತಿ ಅದಕ್ಕಿಂತ ಕಡಿಮೆ. ಕೆಲಸಕ್ಕಾಗಿ ಊರು ಬದಲಿಸಿದಾಗ ನನ್ನ ಕಡತವೂ ಹಳೆಯ ಊರಿನ ಕಚೇರಿಯಿಂದ ಹೊಸ ಊರಿನ ಕಚೇರಿಗೆ ಹೋಗಬೇಕಾಯಿತು. ಅದು ನಮ್ಮ ತಾಲ್ಲೂಕು ಕಚೇರಿಯ ಕಡತಕ್ಕಿಂತ ವೇಗವಾಗಿ ಚಲಿಸುತ್ತದೆ ಎಂದುಕೊಂಡಿದ್ದವರು ಯಾರಾದರೂ ಇದ್ದರೆ ನಿರಾಶರಾಗುತ್ತಾರೆ. ಸಾಧ್ಯವಿದ್ದರೆ ನವೀಕರಣ ಮುಗಿಸಿಕೊಂಡೇ ಮನೆ ಬದಲಿಸಿ.

ಹೆಂಡತಿ ಇಳಕಲ್ಲಿನವಳು. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಭಾಷೆಯ ಎ1 ಎಂಬ ಆರಂಭಿಕ ಮಟ್ಟದ ಪರೀಕ್ಷೆ ಕಡ್ಡಾಯವಲ್ಲ, ಅಲ್ಲಿಗೆ ಹೋದ ಮೇಲೆ ಕೆಲಸ ಮಾಡುವ ಹಕ್ಕೂ ಇದೆ. ಬೇಕಾದದ್ದು ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರ. ಅಕ್ಕಿಕಾಳು ಬಿದ್ದ ಮೇಲೆ ನಮ್ಮಲ್ಲಿ ನೋಂದಣಿಯನ್ನು ಯಾರೂ ನೆನೆಯುವುದಿಲ್ಲ. ನಾನು ಲಗ್ನಪತ್ರಿಕೆ, ಫೋಟೊ, ಸಾಕ್ಷಿಗಳನ್ನು ಹೊಂದಿಸಿಕೊಂಡು ರಜೆ ಮುಗಿಯುವ ಮುನ್ನವೇ ಮಾಡಿಸಿದೆ. ಅವಳ ಪಾಸ್‌ಪೋರ್ಟ್‌ನಲ್ಲಿ ತವರಿನ ಅಡ್ಡಹೆಸರನ್ನು ಹಾಗೆಯೇ ಬಿಟ್ಟೆವು. ಅತ್ತೆಗೆ ಬೇಸರವಾಯಿತು, ಆದರೆ ಕಾಗದಗಳೆಲ್ಲ ಒಂದೇ ಹೆಸರಿನಲ್ಲಿ ಉಳಿದವು.

ಬ್ಲೂ ಕಾರ್ಡ್‌ನವರು 27 ತಿಂಗಳ ಕೆಲಸದ ನಂತರ, ಬಿ1 ಎಂಬ ಮಧ್ಯಮ ಮಟ್ಟದ ಜರ್ಮನ್ ಗೊತ್ತಿದ್ದರೆ 21 ತಿಂಗಳಿಗೇ, ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಎರಡು ಸಂಗತಿಗಳ ಮೇಲೆ ಕಣ್ಣಿಡಬೇಕು. ಸಾಮಾನ್ಯ ಪರವಾನಗಿ ಇರುವವರು ಕಚೇರಿಯಿಂದ ಹೆಚ್ಚಿನ ಅವಧಿ ಪಡೆಯದೆ ಆರು ತಿಂಗಳಿಗಿಂತ ಹೆಚ್ಚು ದೇಶದ ಹೊರಗಿದ್ದರೆ ಅದು ತಾನಾಗಿ ರದ್ದಾಗುತ್ತದೆ, ಬ್ಲೂ ಕಾರ್ಡ್‌ಗೆ ಹನ್ನೆರಡು ತಿಂಗಳ ಅವಕಾಶವಿದೆ. ಅಪ್ಪ ಅಮ್ಮನ ಕಾಯಿಲೆಗೆಂದು ಬಂದು ಉಳಿಯಬೇಕಾದರೆ ಹೊರಡುವ ಮುನ್ನವೇ ಲಿಖಿತವಾಗಿ ಹೆಚ್ಚಿನ ಅವಧಿ ಕೇಳಬೇಕು. ಇನ್ನೊಂದು, ಪಾಸ್‌ಪೋರ್ಟ್ ಮುಗಿಯುವ ದಿನವನ್ನು ದಾಟಿ ಪರವಾನಗಿ ಕೊಡುವುದಿಲ್ಲ. ಪಾಸ್‌ಪೋರ್ಟ್ ನವೀಕರಣವನ್ನು ಊರಿನ ರಜೆಗೆಂದು ಉಳಿಸಿಕೊಳ್ಳದೆ ಬರ್ಲಿನ್ನಿನ ರಾಯಭಾರ ಕಚೇರಿಯ ಮೂಲಕವೋ ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನ ದೂತಾವಾಸಗಳ ಮೂಲಕವೋ ಮಾಡಿಸಿಕೊಳ್ಳುವುದು ಲೇಸು. ಹೊಸದು ಕೈಗೆ ಬಂದ ಮೇಲೆ ವಿದೇಶಿಯರ ಕಚೇರಿಗೆ ತಿಳಿಸಿ, ರದ್ದಾದ ಹಳೆಯದನ್ನೂ ಪ್ರಯಾಣದಲ್ಲಿ ಜೊತೆಗಿಟ್ಟುಕೊಳ್ಳಿ.