ಸೇಬಿನ ಮುಳ್ಕ, ಮೇಲೊಂದು ಚಮಚ ಡಿಕಾಕ್ಷನ್

ಹಲಸಿನ ಹಣ್ಣಿನ ಮುಳ್ಕ, ಅಂದರೆ ಹಣ್ಣು ಬೆರೆಸಿದ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ಸಿಹಿ ಉಂಡೆ, ತಿಂದು ಬೆಳೆದವರಿಗೆ ಆ್ಯಪಲ್ ಫ್ರಿಟರ್ ತೀರಾ ಹೊಸದೇನಲ್ಲ. ಅದಕ್ಕೆ ಅಕ್ಕಿ, ಬೆಲ್ಲ, ಹಲಸು. ಇದಕ್ಕೆ ಮೈದಾ, ಸಕ್ಕರೆ, ಸೇಬು. ಚಿಕ್ಕಮಗಳೂರಿನಲ್ಲಿ ಹಲಸು ಮುಗಿದು, ಮಳೆ ಮಾತ್ರ ಬಿಡದೆ ಕೂತಿರುವ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹಿಮಾಚಲದ ಸೇಬು ತಳ್ಳುಗಾಡಿಗಳಿಗೆ ಬಂದಿರುತ್ತದೆ. ಇದನ್ನು ಮಾಡಲು ಅದೇ ಸರಿಯಾದ ಕಾಲ.

ಹನ್ನೆರಡು ಮುಳ್ಕಕ್ಕೆ ಬೇಕಾದದ್ದು: ಮಧ್ಯಮ ಗಾತ್ರದ 2 ಸೇಬು, 1 ಕಪ್ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, 2 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ಟೀ ಚಮಚ ಚಕ್ಕೆ ಪುಡಿ, 2 ಏಲಕ್ಕಿ, 1 ಮೊಟ್ಟೆ, ಸುಮಾರು ಮೂರನೇ ಒಂದು ಕಪ್ ಹಾಲು, ಕರಿಯಲು ಎಣ್ಣೆ. ಮೊಟ್ಟೆ ತಿನ್ನದವರು ಅದರ ಬದಲು ಕಾಲು ಕಪ್ ಗಟ್ಟಿ ಮೊಸರು ಹಾಕಿ, ಹಾಲು ಸ್ವಲ್ಪ ಕಡಿಮೆ ಮಾಡಿ.

ಸೇಬು ಗಟ್ಟಿಯಾಗಿರಲಿ, ಕೊಂಚ ಹುಳಿ ಇದ್ದರೆ ಇನ್ನೂ ಒಳ್ಳೆಯದು. ಹಸಿರು ಸೇಬು ಸಿಕ್ಕರೆ ಕಣ್ಣು ಮುಚ್ಚಿ ತನ್ನಿ. ಕಚ್ಚಿದರೆ ಹಿಟ್ಟು ಹಿಟ್ಟಾಗಿರುವ ಹಣ್ಣು ಎಣ್ಣೆಯಲ್ಲಿ ಕರಗಿ ಮುದ್ದೆಯಾಗುತ್ತದೆ. ಸಿಪ್ಪೆ ತೆಗೆದು, ಕಡಲೆಬೀಜದಷ್ಟು ಸಣ್ಣ ಹೋಳು ಮಾಡಿ. ಕಪ್ಪಾಗದಂತೆ ನಾಲ್ಕು ಹನಿ ನಿಂಬೆರಸ ಹಿಂಡಿ, ಬಟ್ಟೆಯ ಮೇಲೆ ಹರಡಿ ನೀರು ಒರೆಸಿ.

ಈ ಒರೆಸುವ ಕೆಲಸ ಬಿಡಬೇಡಿ. ನಾನು ಮೊದಲ ಸಲ ಮಾಡಿದಾಗ, ಸಂಜೆ ನೆಂಟರು ಬರುತ್ತಾರೆಂದು ಬೆಳಿಗ್ಗೆಯೇ ಸೇಬು ಹೆಚ್ಚಿ ಸಕ್ಕರೆ ಬೆರೆಸಿ ಮುಚ್ಚಿಟ್ಟಿದ್ದೆ. ಸಕ್ಕರೆ ಹಣ್ಣಿನ ನೀರನ್ನೆಲ್ಲ ಎಳೆದು ಹಾಕಿತ್ತು. ಆ ನೀರಿನ ಸಮೇತ ಹಿಟ್ಟಿಗೆ ಸುರಿದೆ. ತೆಳುವಾಯಿತೆಂದು ಮತ್ತೆ ಮೈದಾ ಹಾಕಿದೆ, ಮತ್ತೆ ಕಲಸಿದೆ. ಬಾಣಲೆಯಿಂದ ಎದ್ದದ್ದು ರಬ್ಬರ್ ಚೆಂಡು. ಅತ್ತೆ ಒಂದನ್ನು ಅಗಿದು ಅಗಿದು ನುಂಗಿ, "ಪರವಾಗಿಲ್ಲ ಕಣಮ್ಮ, ಕಾಫಿ ಕೊಡು" ಅಂದರು.

ಮೊದಲು ಒಣ ಸಾಮಾನೆಲ್ಲ ಬೆರೆಸಿ. ಮೊಟ್ಟೆ, ಹಾಲು ಬೇರೆ ಬಟ್ಟಲಲ್ಲಿ ಕದಡಿ ಅದಕ್ಕೆ ಹುಯ್ಯಿರಿ. ಹಸಿ ಮೈದಾ ಕಾಣದಷ್ಟು ಕಲಸಿದರೆ ಸಾಕು, ಸಣ್ಣ ಗಂಟು ಉಳಿದರೂ ಚಿಂತೆಯಿಲ್ಲ. ಜಾಸ್ತಿ ತಿರುವಿದಷ್ಟೂ ಮೈದಾ ಜಿಗುಟಾಗುತ್ತದೆ. ಕೊನೆಗೆ ಸೇಬು ಸೇರಿಸಿ. ಉದ್ದಿನ ವಡೆ ಹಿಟ್ಟಿನ ಹಾಗೆ, ಚಮಚದಿಂದ ತಳ್ಳಿದರೆ ಮಾತ್ರ ಬೀಳಬೇಕು. ಕಲಸಿದ ಮೇಲೆ ಕೂರಿಸಬೇಡಿ, ಬೇಕಿಂಗ್ ಪೌಡರಿನ ಉಬ್ಬು ಸುಮ್ನೆ ಹೋಗುತ್ತದೆ. ಎಣ್ಣೆ ಮೊದಲೇ ಕಾಯಲು ಇಟ್ಟಿರಿ.

ಉರಿಯ ವಿಷಯದಲ್ಲಿ ನಮ್ಮೂರಿಗೆ ಒಂದು ಬೇರೆ ಲೆಕ್ಕ. ಇಲ್ಲಿಯದು ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರ. ನೀರು 100 ಡಿಗ್ರಿಗೂ ಮೊದಲೇ ಕುದಿಯುತ್ತದೆ, ಹಾಗಾಗಿ ಒಳಗಿನ ಹಿಟ್ಟು ಬೇಯುವುದು ತುಸು ನಿಧಾನ. ಎಣ್ಣೆ ಜಾಸ್ತಿ ಕಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕೆಂಪಾಗಿಬಿಡುತ್ತದೆ. ಬೇರೆ ಕಡೆ 180 ಡಿಗ್ರಿ ಎಂದರೆ ಇಲ್ಲಿ 170ರಿಂದ 175 ಸಾಕು. ಥರ್ಮಾಮೀಟರ್ ಎಲ್ಲರ ಮನೆಯಲ್ಲೂ ಇರಲ್ಲ ಅಲ್ವಾ? ಒಂದು ಹನಿ ಹಿಟ್ಟು ಬಿಡಿ. ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಬಿದ್ದ ಕೂಡಲೇ ಕೆಂಪಾದರೆ ಉರಿ ಹೆಚ್ಚು. ಗುಳ್ಳೆ ಏಳಿಸುತ್ತಾ ನಿಧಾನವಾಗಿ ಮೇಲೆ ಬಂದರೆ ಅದೇ ಹದ.

ಒಂದು ಸಲಕ್ಕೆ ನಾಲ್ಕೇ ಹಾಕಿ. ಮಗುಚುತ್ತಾ ಮೂರು ನಾಲ್ಕು ನಿಮಿಷ, ಜೇನಿನ ಬಣ್ಣ ಬರುವ ತನಕ. ಮೊದಲನೆಯದನ್ನು ಮುರಿದು ನೋಡಿ, ನಡುವೆ ಹಸಿಯಿದ್ದರೆ ಉರಿ ಇಳಿಸಿ.

ಮೇಲಿನ ಸಿಹಿಗೆ ಮುಕ್ಕಾಲು ಕಪ್ ನುಣ್ಣನೆಯ ಸಕ್ಕರೆ ಪುಡಿಗೆ ಒಂದು ದೊಡ್ಡ ಚಮಚ ಗಟ್ಟಿ ಡಿಕಾಕ್ಷನ್ ಹಾಕಿ ಕಲಸಿ. ಎಲ್ಲರೂ ಹಾಲು ಹಾಕುತ್ತಾರೆ, ಆದರೆ ಕಾಫಿ ತೋಟದ ನಡುವೆ ಕೂತು ಹಾಲು ಯಾಕೆ? ಸೇಬಿನ ಹುಳಿಗೆ ಆ ಕಹಿ ಚೆನ್ನಾಗಿ ಒಪ್ಪುತ್ತದೆ. ಮುಳ್ಕ ಉಗುರು ಬೆಚ್ಚಗಿರುವಾಗ ಅದ್ದಿ ತೆಗೆಯಿರಿ. ಜಡಿಮಳೆಯ ದಿನ ಇದು ಗರಿಗರಿಯಾಗಿ ಒಣಗುವುದಿಲ್ಲ, ಬೆರಳಿಗೆ ಅಂಟುತ್ತದೆ. ಅಂಟಲಿ ಬಿಡಿ.

ನಾಳೆಗೆ ಉಳಿಸುವುದಾದರೆ ಅವಕ್ಕೆ ಸಿಹಿ ಸವರಬೇಡಿ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಹೊರಳಿಸಿ ಬಿಸಿ ಮಾಡಿ, ಆಮೇಲೆ ಅದ್ದಿ.