ಟ್ಯೂಬಾ ಸಾಧನೆಗೆ ಹೊಸ ಎಟ್ಯೂಡ್ ಪುಸ್ತಕ: ನಾನು ಆರಿಸುವ ಬಗೆ

ಟ್ಯೂಬಾ (ತಗ್ಗು ಧ್ವನಿಯ ದೊಡ್ಡ ಹಿತ್ತಾಳೆ ಗಾಳಿವಾದ್ಯ) ನುಡಿಸುವವರಲ್ಲಿ ಹಳೆಯ ಎಟ್ಯೂಡ್ ಪುಸ್ತಕ, ಅಂದರೆ ಅಭ್ಯಾಸದ ರಚನೆಗಳ ಸ್ಟಡಿ ಬುಕ್, ಬೇಸರ ಬಂದರೆ ಹೆಚ್ಚಿನವರು ಅದಕ್ಕಿಂತ ಕಷ್ಟದ್ದನ್ನು ತರಿಸುತ್ತಾರೆ. ನಾನು ನೋಡುವುದು ಕಷ್ಟವನ್ನಲ್ಲ. ಈಗಿನ ಪುಸ್ತಕ ನನ್ನಿಂದ ಯಾವುದನ್ನು ಕೇಳುತ್ತಿಲ್ಲವೋ ಅದನ್ನು ಕೇಳುವ ಪುಸ್ತಕ ಬೇಕು. ಬೆರಳಿನ ಓಟ ಚೆನ್ನಾಗಿದ್ದು ಉಸಿರು ಸಾಲದವರು ಇನ್ನೊಂದು ವೇಗದ ಪುಸ್ತಕ ಕೊಂಡರೆ ಅದೇ ಬಲವನ್ನು ಮತ್ತೆ ಬೆಳೆಸಿಕೊಳ್ಳುತ್ತಾರೆ, ಕೊರತೆ ಹಾಗೇ ಉಳಿಯುತ್ತದೆ.

ಪುಟ ತೆರೆಯುವ ಮೊದಲು ನಿಮ್ಮ ವಾದ್ಯದ ವಾಲ್ವ್ (ಒತ್ತಿದರೆ ಕೊಳವೆಯ ಉದ್ದ ಹೆಚ್ಚಿಸಿ ಸ್ವರ ಇಳಿಸುವ ಗುಂಡಿ) ಎಣಿಸಬೇಕು. ಡಬಲ್ ಬಿ-ಫ್ಲ್ಯಾಟ್ ಟ್ಯೂಬಾದಲ್ಲಿ ಬೇಸ್ ಕ್ಲೆಫ್‌ನ (ತಗ್ಗು ಸ್ವರಗಳನ್ನು ಬರೆಯುವ ಗುರುತಿನ) ಎರಡನೇ ಲೆಜರ್ ಗೆರೆಯ (ಐದು ಗೆರೆಗಳ ಹೊರಗೆ ಹಾಕುವ ಚಿಕ್ಕ ಗೆರೆ) ಕೆಳಗಿನ ಬಿ-ಫ್ಲ್ಯಾಟ್ ಓಪನ್ ಸ್ವರ, ಅಂದರೆ ಯಾವ ವಾಲ್ವೂ ಒತ್ತದೆ ಬರುವುದು. ಅಲ್ಲಿಂದ ಮೂರೂ ವಾಲ್ವ್ ಒತ್ತಿದರೆ ನಾಲ್ಕನೇ ಲೆಜರ್ ಗೆರೆಯ ಕೆಳಗಿನ ಇ ತನಕ ಇಳಿಯಬಹುದು. ಆ ಇ ಮತ್ತು ಪೆಡಲ್ ಬಿ-ಫ್ಲ್ಯಾಟ್ (ಓಪನ್ ಬಿ-ಫ್ಲ್ಯಾಟ್‌ಗಿಂತ ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗಿನದು) ನಡುವಿನ ಸ್ವರಗಳಿಗೆ ಮೂರು ವಾಲ್ವಿನಲ್ಲಿ ನೇರವಾದ ಫಿಂಗರಿಂಗ್ ಇಲ್ಲ. ತುಟಿ ಸಡಿಲಿಸಿ ಎಳೆದು ತರಬಹುದು, ಆದರೆ ದಿನದ ಎಟ್ಯೂಡ್ ಅದರ ಮೇಲೆ ನಿಲ್ಲುವುದಿಲ್ಲ. ಮೆರವಣಿಗೆ ಬ್ಯಾಂಡುಗಳ ಸೂಸಾಫೋನ್ (ಮೈಗೆ ಸುತ್ತಿಕೊಳ್ಳುವ ಟ್ಯೂಬಾ) ಸಾಮಾನ್ಯವಾಗಿ ಮೂರು ವಾಲ್ವಿನದೇ. ಆದ್ದರಿಂದ ನಾಲ್ಕನೇ ಲೆಜರ್ ಗೆರೆಯ ಕೆಳಗೆ ಇ-ಫ್ಲ್ಯಾಟ್ ಅಥವಾ ಇನ್ನೂ ಕೆಳಗಿನ ಸ್ವರಗಳು ಪುಟಪುಟದಲ್ಲೂ ಕಂಡರೆ ಮೂರು ವಾಲ್ವಿನವರು ಆ ಪುಸ್ತಕಕ್ಕೆ ದುಡ್ಡು ಹಾಕಬಾರದು. ಫಿಲ್ ಸ್ನೆಡೆಕರ್ ಅವರ ಲೋ ಎಟ್ಯೂಡ್ಸ್ ಒಳ್ಳೆಯ ಪುಸ್ತಕವೇ, ಆದರೆ ನಾಲ್ಕನೇ ವಾಲ್ವ್ ಇದ್ದವರಿಗೆ.

ನಾಲ್ಕನೇ ವಾಲ್ವಿನ ಉಪಯೋಗ ಕೆಳಗಿನ ಸ್ವರಗಳಿಗಷ್ಟೇ ಅಲ್ಲ. 1 ಮತ್ತು 3ನೇ ವಾಲ್ವ್ ಸೇರಿಸಿ ಒತ್ತಿದರೆ ಸ್ವರ ಶಾರ್ಪ್ ಆಗುತ್ತದೆ, ಅಂದರೆ ಶ್ರುತಿಗಿಂತ ಮೇಲೇರುತ್ತದೆ, 1-2-3 ಒತ್ತಿದರೆ ಇನ್ನೂ ಹೆಚ್ಚು. ಪ್ರತಿ ವಾಲ್ವಿನ ಕೊಳವೆಯನ್ನು ವಾದ್ಯದ ಮೂಲ ಉದ್ದಕ್ಕೆ ಲೆಕ್ಕ ಹಾಕಿ ಕತ್ತರಿಸಿರುತ್ತಾರೆ. ಒಂದು ವಾಲ್ವ್ ಈಗಾಗಲೇ ಉದ್ದ ಹೆಚ್ಚಿಸಿದ ಮೇಲೆ ಇನ್ನೊಂದರ ಕೊಳವೆ ಅಷ್ಟಕ್ಕೆ ಸಾಲುವುದಿಲ್ಲ. 1-3ರ ಬದಲು ಬರೀ 4, 1-2-3ರ ಬದಲು 2-4 ಬಳಸಿದರೆ ಶ್ರುತಿ ಹತ್ತಿರ ಬರುತ್ತದೆ. ಹೊಸ ಪುಸ್ತಕದ ಮೊದಲ ಓದಿನಲ್ಲೇ ಈ ಜಾಗಗಳಿಗೆ ಪೆನ್ಸಿಲ್ಲಿನಲ್ಲಿ ಅಂಕಿ ಬರೆಯಿರಿ. ಹಳೆಯ ಫಿಂಗರಿಂಗ್ ಕೈಗೆ ಹತ್ತಿದ ಮೇಲೆ ಬದಲಿಸುವುದು ತಲೆನೋವು.

ಮುಂದಿನದು ಕ್ಲೆಫ್. ಬ್ರಿಟಿಷ್ ಪದ್ಧತಿಯ ಬ್ರಾಸ್ ಬ್ಯಾಂಡ್‌ನಲ್ಲಿ ಇ-ಫ್ಲ್ಯಾಟ್ ಮತ್ತು ಬಿ-ಫ್ಲ್ಯಾಟ್ ಬೇಸ್‌ಗಳ (ಅಲ್ಲಿ ಟ್ಯೂಬಾಗೆ ಇರುವ ಹೆಸರು) ಪಾರ್ಟ್ ಟ್ರೆಬಲ್ ಕ್ಲೆಫ್‌ನಲ್ಲಿ ಇರುತ್ತದೆ. ಆರ್ಕೆಸ್ಟ್ರಾದಲ್ಲಿ ಮತ್ತು ಹೆಚ್ಚಿನ ಟ್ಯೂಬಾ ಎಟ್ಯೂಡ್ ಪುಸ್ತಕಗಳಲ್ಲಿ ಬೇಸ್ ಕ್ಲೆಫ್. ಟ್ರೆಬಲ್ ಮಾತ್ರ ಓದುವವರು ಇದನ್ನು ಕೊರತೆ ಅಂದುಕೊಳ್ಳುತ್ತಾರೆ, ನಿಜಕ್ಕೂ ಅವರಿಗೆ ದೊಡ್ಡ ಗ್ರಂಥಾಲಯವೇ ತೆರೆದಿದೆ. ಕಾರ್ನೆಟ್ (ಟ್ರಂಪೆಟ್ ಹೋಲುವ ವಾದ್ಯ) ಪುಸ್ತಕ ಯಾವುದಾದರೂ ಅದೇ ಬೆರಳಿನಲ್ಲಿ ಅವರಿಗೆ ಬರುತ್ತದೆ. ಆರ್ಬನ್ 1864ರಲ್ಲಿ ಕಾರ್ನೆಟ್‌ಗಾಗಿ ಬರೆದ ಮೆಥಡ್ ಅನ್ನು ಹಾಗೇ ತೆರೆದು ಊದಬಹುದು. ಬೇಸ್ ಕ್ಲೆಫ್ ಓದುವವರಿಗೆ ಜೆರ್ರಿ ಯಂಗ್ ಮತ್ತು ವೆಸ್ಲಿ ಜೇಕಬ್ಸ್ ಸಂಪಾದಿಸಿದ ಟ್ಯೂಬಾ ಆವೃತ್ತಿ ಇದೆ.

ಟ್ರೆಬಲ್ ಓದುವ ಇ-ಫ್ಲ್ಯಾಟ್ ಬೇಸಿನವರಿಗೆ ಇನ್ನೊಂದು ಉಪಾಯ: ಬೇಸ್ ಕ್ಲೆಫ್ ಪುಟವನ್ನು ಟ್ರೆಬಲ್ ಎಂದೇ ಓದಿ, ಕೀ ಸಿಗ್ನೇಚರ್‌ಗೆ (ಸಾಲಿನ ಮೊದಲಲ್ಲಿ ಬರೆಯುವ ಶಾರ್ಪ್, ಫ್ಲ್ಯಾಟ್ ಗುರುತುಗಳು) ಮೂರು ಶಾರ್ಪ್ ಸೇರಿಸಿ. ಎರಡು ಫ್ಲ್ಯಾಟ್ ಇದ್ದರೆ ಒಂದು ಶಾರ್ಪ್ ಆಗುತ್ತದೆ, ಮೂರು ಫ್ಲ್ಯಾಟ್ ಇದ್ದರೆ ಏನೂ ಉಳಿಯುವುದಿಲ್ಲ. ಎಡವುವುದು ನಡುವೆ ಬರುವ ಆಕ್ಸಿಡೆಂಟಲ್‌ಗಳಲ್ಲಿ, ಅಂದರೆ ಒಂದೊಂದು ಸ್ವರದ ಮುಂದೆ ಹಾಕಿದ ಶಾರ್ಪ್, ಫ್ಲ್ಯಾಟ್, ನ್ಯಾಚುರಲ್ ಗುರುತುಗಳಲ್ಲಿ. ಟ್ರೆಬಲ್ ಓದಿಗೆ ಎಫ್, ಸಿ, ಜಿ ಆಗಿ ಕಾಣುವ ಮೂರು ಸ್ವರಗಳ ಮೇಲೆ ನ್ಯಾಚುರಲ್ ಇದ್ದರೆ ಅದನ್ನು ಶಾರ್ಪ್ ಎಂದು, ಫ್ಲ್ಯಾಟ್ ಇದ್ದರೆ ನ್ಯಾಚುರಲ್ ಎಂದು ಓದಬೇಕು. ಉಳಿದ ನಾಲ್ಕಕ್ಕೆ ಬದಲಾವಣೆ ಇಲ್ಲ.

ಇನ್ನು ಪುಸ್ತಕಗಳು. ಕೊಪ್ರಾಶ್ ಹಾರ್ನ್ ವಾದಕ, ಅವರ 60 ಸ್ಟಡಿಗಳು ನಮ್ಮ ಕರ್ನಾಟಕ ಸಂಗೀತದ ಜಂಟಿ ವರಸೆಯ ಹಾಗೆ: ಒಂದೇ ಜೋಡಣೆಯನ್ನು ಹಿಡಿದು ಮೇಲೆ ಕೆಳಗೆ ಓಡಿಸುವುದು. ಟಂಗಿಂಗ್ (ನಾಲಿಗೆಯಿಂದ ಸ್ವರ ಬಿಡಿಸಿ ಊದುವುದು) ಮಂಕಾಗಿದ್ದರೆ ಇದು. ಮುಗಿಸಿದವರು ಹೊಸದು ಕೊಳ್ಳುವ ಮೊದಲು ಅದೇ ಪುಟವನ್ನು ಎರಡು ಸ್ಲರ್ (ನಾಲಿಗೆ ತಾಗಿಸದೆ ಜೋಡಿಸಿ ಊದುವುದು) ಎರಡು ಟಂಗ್, ಆಮೇಲೆ ಮೂರು ಸ್ಲರ್ ಒಂದು ಟಂಗ್ ಎಂದು ಬದಲಿಸಿ ನೋಡಲಿ. ಬಹಳ ಸಲ ಹೊಸ ಪುಸ್ತಕದ ಖರ್ಚೇ ಉಳಿಯುತ್ತದೆ. ಲಯ ಹಳಿ ತಪ್ಪುವವರಿಗೆ ವ್ಲಾಡಿಸ್ಲಾವ್ ಬ್ಲಾಝೆವಿಚ್ ಅವರ 70 ಸ್ಟಡಿಗಳು. ಅಲ್ಲಿ ಟೈಮ್ ಸಿಗ್ನೇಚರ್ ಬದಲಾಗುವ ಕಡೆ ವಾದ್ಯ ಕೆಳಗಿಟ್ಟು ಕೈಯಲ್ಲಿ ತಾಳ ಹಾಕಿ. ಏಳು ಎಣಿಕೆಯ ಬಾರ್‌ಗೆ (ತಾಳದ ಒಂದು ಆವರ್ತದ ಹಾಗೆ) ತಕಿಟ ತಕಧಿಮಿ, ಐದರದಕ್ಕೆ ತಕ ತಕಿಟ. ಸ್ವರಗಳ ಗುಂಪು 4-3 ಎಂದಿದ್ದರೆ ತಿರುಗಿಸಿ ಹೇಳಿ. ಕರ್ನಾಟಕ ಸಂಗೀತ ಸ್ವಲ್ಪ ಕಲಿತವರಿಗೆ ಇಲ್ಲಿ ಅನುಕೂಲ ಜಾಸ್ತಿ.

ಬೋರ್ಡೋನಿ ಗಾಯಕರ ಗುರು. ಅವರ ಪುಸ್ತಕ ಹಾಡುವವರ ಸಾಧನೆಗೆ ಬರೆದದ್ದು. ಯೋಹಾನೆಸ್ ರೋಶು ಅದನ್ನು ಟ್ರೊಂಬೋನ್‌ಗೆ 120 ಎಟ್ಯೂಡ್‌ಗಳಾಗಿ ಮೂರು ಭಾಗಗಳಲ್ಲಿ ತಂದರು, ಚೆಸ್ಟರ್ ರಾಬರ್ಟ್ಸ್ ಟ್ಯೂಬಾಗೆ 43 ಆರಿಸಿದರು. ಮೂಲ ಒಂದೇ. ರೋಶು ಮೊದಲ ಭಾಗ ಮನೆಯಲ್ಲಿದ್ದರೆ ಅದನ್ನೇ ಒಂದು ಆಕ್ಟೇವ್ ಕೆಳಗೆ ಓದಿ, ಹೊಸದಕ್ಕೆ ಅವಸರ ಬೇಡ. ಇಲ್ಲಿ ಕಾಡುವುದು ಉಸಿರು. ಹಾಡುವವರಿಗೆ ನಾಲ್ಕು ಬಾರ್‌ಗೆ ಒಂದು ಉಸಿರು ಸಾಕು, ಕೆಳ ಆಕ್ಟೇವ್‌ನ ಟ್ಯೂಬಾಗೆ ಗಾಳಿ ಬಹಳ ಹೆಚ್ಚು ಬೇಕು. ಎರಡು ಬಾರ್‌ಗೊಮ್ಮೆ ಉಸಿರಿನ ಗುರುತು ಹಾಕಿಕೊಳ್ಳಿ, ಸಾಲದಿದ್ದರೆ ವೇಗ ಸ್ವಲ್ಪ ಹೆಚ್ಚಿಸಿ. ಉಸಿರು ಉಳಿಸಲು ಧ್ವನಿ ಸಣ್ಣದು ಮಾಡುವುದು ಮಾತ್ರ ಬೇಡ. ಆ ಚಟ ಹತ್ತಿದರೆ ಪುಸ್ತಕದ ಉದ್ದೇಶವೇ ಹಾಳು.

ಬೇರೆ ವಾದ್ಯದ ಪುಸ್ತಕಗಳಲ್ಲಿ ನನಗೆ ಹೆಚ್ಚು ಪ್ರಯೋಜನ ಕಾಣುವುದು ಬಾಖ್‌ನ ಸೆಲೊ ಸ್ವೀಟ್‌ಗಳಲ್ಲಿ. ಮೊದಲನೆಯದರ ಪ್ರೆಲ್ಯೂಡ್ ತೆಗೆದುಕೊಳ್ಳಿ: 42 ಬಾರ್, ಕೊನೆಯ ತನಕ ಒಂದೇ ಓಟದ ಸಿಕ್ಸ್‌ಟೀಂತ್ ಸ್ವರಗಳು, ಉಸಿರಿಗೆ ಒಂದು ರೆಸ್ಟ್ ಕೂಡ ಇಲ್ಲ. ಮೊದಲ ಅರ್ಧ ಬಾರ್ ಜಿ-ಡಿ-ಬಿ-ಎ-ಬಿ-ಡಿ-ಬಿ-ಡಿ, ಮುಂದಿನ ಅರ್ಧ ಮತ್ತೆ ಅದೇ. ಉಸಿರು ಬೇಕಾದ ಕಡೆ ನಾನು ಎರಡನೇ ಸ್ವರವಾದ ಡಿ ಬಿಡುತ್ತೇನೆ. ಅದೇ ಅರ್ಧ ಬಾರ್‌ನಲ್ಲಿ ಡಿ ಇನ್ನೂ ಎರಡು ಸಲ ಬರುವುದರಿಂದ ಹಾರ್ಮನಿಗೆ ನಷ್ಟವಿಲ್ಲ. ಕೆಳಗಿನ ಜಿ ಬಿಟ್ಟರೆ ತಳವೇ ಕುಸಿಯುತ್ತದೆ. ಬಿ-ಫ್ಲ್ಯಾಟ್ ಟ್ಯೂಬಾದಲ್ಲಿ ಒಂದು ಆಕ್ಟೇವ್ ಇಳಿಸಿ ಊದಬೇಕು. ಆಗ ಸೆಲೊದ ಅತಿ ಕೆಳಗಿನ ಸಿ-ಯಿಂದ ಇ-ಫ್ಲ್ಯಾಟ್ ವರೆಗಿನ ಸ್ವರಗಳು ಮೂರು ವಾಲ್ವಿನವರಿಗೆ ಸಿಗದ ಜಾಗಕ್ಕೇ ಬೀಳುತ್ತವೆ. ಅವುಗಳನ್ನು ಮಾತ್ರ ಬರೆದ ಎತ್ತರದಲ್ಲೇ ಊದಿ. ಡಬಲ್ ಸ್ಟಾಪ್ (ಎರಡು ತಂತಿಯ ಸ್ವರ ಒಟ್ಟಿಗೆ) ಬಂದಲ್ಲಿ ಕೆಳ ಸ್ವರ ಸಾಕು. ಟ್ರೊಂಬೋನ್ ಪುಸ್ತಕಗಳಲ್ಲಿ ಸ್ಲೈಡ್ ಪೊಸಿಷನ್ ಅಭ್ಯಾಸಗಳನ್ನೂ ಟೆನರ್ ಕ್ಲೆಫ್ ಪುಟಗಳನ್ನೂ ಹಾರಿಸಬಹುದು.

ಕೊಳ್ಳುವ ಮೊದಲಿನ ಪರೀಕ್ಷೆ ಹೀಗೆ. ಪ್ರಕಾಶಕರು ತೋರಿಸುವ ಮಾದರಿ ಪುಟ ಹೆಚ್ಚಾಗಿ ಮೊದಲಿನದು, ಅಂದರೆ ಸುಲಭದ್ದು. ಪುಸ್ತಕದ ನಡುವಿನ ಒಂದು ಪುಟ ಹೇಗಾದರೂ ನೋಡಬೇಕು. ಮೆಟ್ರೊನೋಮ್ 60ಕ್ಕೆ ಇಟ್ಟು, ನಿಲ್ಲದೆ ಒಮ್ಮೆ ಓದಿ. ಒಂದು ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಕಡೆ ನಿಂತರೆ ಆ ಪುಸ್ತಕಕ್ಕೆ ಇನ್ನೂ ಕಾಲ ಬಂದಿಲ್ಲ. ಎಲ್ಲೂ ನಿಲ್ಲದಿದ್ದರೆ ಅದು ದಿನದ ವಾರ್ಮ್-ಅಪ್‌ಗೆ ಸರಿ, ಕಲಿಕೆಗೆ ಬೇಡ. ಕೀಗಳನ್ನೂ ಎಣಿಸಿ: ಬ್ಯಾಂಡಿನವರ ಕೈ ಹೇಗೂ ಫ್ಲ್ಯಾಟ್‌ಗಳಲ್ಲಿ ಪಳಗಿರುತ್ತದೆ, ಡಿ ಮತ್ತು ಎ ಮೇಜರ್ ಪುಟಗಳಿಲ್ಲದ ಪುಸ್ತಕ ಅವರಿಗೆ ಹೊಸದೇನೂ ಕೊಡುವುದಿಲ್ಲ.

ಕೊಪ್ರಾಶ್, ಬೋರ್ಡೋನಿ, ಆರ್ಬನ್ ಮೂಲಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ಎಂಬ ಆನ್‌ಲೈನ್ ಸಂಗೀತ ಗ್ರಂಥಾಲಯದಲ್ಲಿ ಉಚಿತ. ಹೊಸ ಸಂಪಾದಿತ ಆವೃತ್ತಿಗಳ ಮಾತು ಬೇರೆ, ಅವುಗಳನ್ನು ಕೊಂಡೇ ಬಳಸಬೇಕು. ಮನೆಯಲ್ಲಿ ಪ್ರಿಂಟ್ ತೆಗೆಯುವವರು ಗಮನಿಸಿ: ಸಂಗೀತದ ಪುಟದ ವಾಡಿಕೆಯ ಅಳತೆ 9×12 ಇಂಚು. ಎ4 ಹಾಳೆಗೆ ಹೊಂದಿಸಿದರೆ ಸುಮಾರು 92 ಪ್ರತಿಶತಕ್ಕೆ ಕುಗ್ಗುತ್ತದೆ, ಮೂರು ನಾಲ್ಕು ಲೆಜರ್ ಗೆರೆಗಳು ಸ್ಟ್ಯಾಂಡಿನ ದೂರದಿಂದ ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಅಂಚು ಕತ್ತರಿಸಿ ಪ್ರಿಂಟ್ ಕೊಡಿ, ಇಲ್ಲವೇ ಎ3 ಹಾಳೆಯಲ್ಲಿ ತೆಗೆಸಿ.