ಒಟಿಪಿ ಬರುವಷ್ಟರಲ್ಲಿ ಮೂರು ಉಸಿರು

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಸಣ್ಣ ಸೆಂಟರೊಂದರಲ್ಲಿ ನನ್ನ ಕೆಲಸ. ರೇಷನ್ ಕಾರ್ಡು, ಭೂತೆರಿಗೆ, ಪಿಂಚಣಿಯ ಮಸ್ಟರಿಂಗ್ (ಪಿಂಚಣಿದಾರರು ಬದುಕಿದ್ದಾರೆಂದು ದಾಖಲಿಸುವುದು) ಅಂತ ಬೆಳಗ್ಗೆ ಒಂಬತ್ತೂವರೆಯಿಂದ ಎದುರಿನ ಕುರ್ಚಿ ಖಾಲಿ ಇರುವುದಿಲ್ಲ. ಒಬ್ಬರ ಹತ್ತಿರ ಕನ್ನಡ, ಮುಂದಿನವರ ಹತ್ತಿರ ಮಲಯಾಳ, ಅವರ ಹಿಂದೆ ಬಂದ ಅಜ್ಜಿಗೆ ತುಳು. ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣದಲ್ಲಿ ಕೇಳಲು ಚಂದ. ಸಂಜೆ ಐದಕ್ಕೆ ಏಳೂ ಭಾಷೆ ತಲೆಯೊಳಗೆ ಒಟ್ಟಿಗೆ ಮಾತಾಡತೊಡಗಿದಾಗ ಅಷ್ಟು ಚಂದ ಇರುವುದಿಲ್ಲ.

ಧ್ಯಾನ ಮಾಡು ಎಂದು ಎಲ್ಲರೂ ಹೇಳಿದರು. ಬೆಳಗ್ಗೆ ಐದಕ್ಕೆ ಎದ್ದು ಅರ್ಧ ಗಂಟೆ ಕೂರಲು ಹೊರಟೆ. ನಾಲ್ಕನೇ ದಿನ ಗೋಡೆಗೆ ಒರಗಿ ನಿದ್ದೆ. ಅತ್ತೆ ಬಂದು ಭುಜ ಹಿಡಿದು, "ದಾನೆ ಮಗಾ, ತರೆ ಬೇನೆನಾ?" ಅಂದರು. ತಲೆನೋವು ಅಲ್ಲ ಎಂದು ವಿವರಿಸುವಷ್ಟರಲ್ಲಿ ದೋಸೆ ಹುಯ್ಯುವ ಹೊತ್ತಾಗಿತ್ತು. ಆ ಅರ್ಧ ಗಂಟೆ ನನ್ನ ದಿನದಲ್ಲಿ ಇರಲೇ ಇಲ್ಲ, ಎಲ್ಲಿಂದ ತರುವುದು? ಆದರೆ ಕಾಯುವ ಹೊತ್ತು ಬೇಕಾದಷ್ಟಿತ್ತು. ಈಗ ಅದನ್ನೇ ಬಳಸುತ್ತಿದ್ದೇನೆ.

ಮಾಡುವುದು ಇಷ್ಟೇ. ಎರಡೂ ಪಾದ ನೆಲಕ್ಕೆ ತಾಗಲಿ, ಬೆನ್ನು ಕುರ್ಚಿಯಿಂದ ನಾಲ್ಕು ಬೆರಳು ಮುಂದೆ ಬರಲಿ. ಕಣ್ಣು ಮುಚ್ಚಲೇಬೇಕೆಂದಿಲ್ಲ. ನಾನು ಮೇಜಿನ ಮೇಲಿನ ಸ್ಟ್ಯಾಂಪ್ ಪ್ಯಾಡ್ ನೋಡುತ್ತಿರುತ್ತೇನೆ. ಉಸಿರು ತಾನಾಗಿ ಒಳಗೆ ಬರಲಿ. ಬಿಡುವಾಗ ಮಾತ್ರ ಸ್ವಲ್ಪ ನಿಧಾನ ಮಾಡಿ, ಒಂದೊಂದು ಬಿಡುಗಡೆಗೆ ಒಂದೊಂದು ಎಣಿಸಿ. ಉಸಿರು ಎಳೆಯುವಾಗ ಎದೆಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ತುಸು ಇಳಿಯುತ್ತದೆ. ಬಿಡುವುದನ್ನು ಉದ್ದ ಮಾಡುವುದು ಅದಕ್ಕೇ. ಕಟ್ಟಿ ಹಿಡಿಯುವ ಸಾಹಸ ಬೇಡ. ತಲೆ ಸುತ್ತಿದರೆ ಎಣಿಕೆ ಬಿಟ್ಟು ಮಾಮೂಲಿ ಉಸಿರಾಡಿ.

ಹತ್ತಾದ ಮೇಲೆ ಮತ್ತೆ ಒಂದರಿಂದ. ಹದಿನಾಲ್ಕಕ್ಕೆ ಬಂದಿದ್ದೀರಿ ಎಂದರೆ ಮನಸ್ಸು ಯಾವಾಗಲೋ ಎದ್ದು ಹೋಗಿದೆ. ನನಗೆ ಇನ್ನೊಂದು ಗುರುತೂ ಇದೆ. ಎಣಿಸುವುದು ಮನೆಮಾತಿನಲ್ಲಿ: ಒಂಜಿ, ರಡ್ಡ್, ಮೂಜಿ, ನಾಲ್. ಈ 'ನಾಲ್' ತುಳುವಿಗೂ ಮಲಯಾಳಕ್ಕೂ ಹೆಚ್ಚುಕಮ್ಮಿ ಒಂದೇ. ಹಳಿ ತಪ್ಪುವುದು ಅಲ್ಲೇ. ತುಳುವಿನ 'ಐನ್' ಬರಬೇಕಾದಲ್ಲಿ ಮಲಯಾಳದ 'ಅಂಜ್' ಬಂತೋ, ನಾನು ಮನಸ್ಸಿನಲ್ಲೇ ಯಾರದೋ ಅರ್ಜಿ ತುಂಬಿಸಲು ಕೂತಾಗಿದೆ ಎಂದರ್ಥ. ಬೈದುಕೊಳ್ಳದೆ ಪುನಃ ಒಂಜಿ. ಮನಸ್ಸು ಓಡಿದ್ದು ಗೊತ್ತಾಗಿ ವಾಪಸ್ ಕರೆತರುವುದೇ ಇದರಲ್ಲಿ ಇರುವ ಕೆಲಸ. ಓಡದ ಮನಸ್ಸು ಬೇಕೆಂದು ಹಟ ಹಿಡಿದವರು ಮೂರೇ ದಿನಕ್ಕೆ ಬಿಡುತ್ತಾರೆ.

ಎಲ್ಲಿ ಮಾಡುವುದು? ನನಗೆ ಸಿಕ್ಕಿದ ಅತ್ಯುತ್ತಮ ಜಾಗ ಒಟಿಪಿ. ಸಂಖ್ಯೆ ಎದುರಿಗಿರುವವರ ಫೋನಿಗೆ ಬರಬೇಕು, ಫೋನು ಚೀಲದ ತಳದಲ್ಲಿ, ಕನ್ನಡಕ ಮನೆಯಲ್ಲಿ. ಮೊದಲೆಲ್ಲ ನಾನು ಪೆನ್ನು ಕುಟ್ಟುತ್ತಿದ್ದೆ. ಈಗ ಮೂರು ಉಸಿರು. ಅವರಿಗೆ ಗೊತ್ತೂ ಆಗುವುದಿಲ್ಲ. ದಿನಕ್ಕೆ ಮೂವತ್ತು ಒಟಿಪಿ ಆದರೆ ತೊಂಬತ್ತು ಉಸಿರಾಯಿತು. ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಲೆಕ್ಕ ನೀವೇ ಹಾಕಿ.

ಪೆರ್ಲ ಕಡೆಯ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಟಿಕೆಟ್ ತೆಗೆದ ಮೇಲೆ ಶುರು. ಟಿಕೆಟಿಗೆ ಮೊದಲು ಕೂತರೆ ಕಂಡಕ್ಟರ್ ಬಂದು ಎಬ್ಬಿಸುತ್ತಾರೆ. ಬೆಲ್ಲು, ಹಾರ್ನು, ಹಿಂದಿನ ಸೀಟಿನ ಫೋನು ಕೇಳಲಿ, ಅವುಗಳ ಜೊತೆ ಜಗಳ ಬೇಡ. ಸ್ಕೂಟರಿನಲ್ಲಿ ಹೋಗುವವರು ಇದನ್ನು ಮಾಡಬಾರದು. ಕುಚ್ಚಲಕ್ಕಿ ಬೇಯಲು ಇಟ್ಟಾಗ ಎರಡು ವಿಸಿಲ್ ನಡುವೆ ಕೂರಬಹುದು. ನೀರುದೋಸೆಯ ಹೊತ್ತಿನಲ್ಲಿ ಆಗುವುದಿಲ್ಲ, ಅದು ಒಂದು ಕ್ಷಣ ಬಿಟ್ಟರೂ ಸೀಯುತ್ತದೆ.

2024ರಲ್ಲಿ ವಿಶ್ವಸಂಸ್ಥೆ ಡಿಸೆಂಬರ್ 21ನ್ನು ಧ್ಯಾನ ದಿನ ಎಂದು ಘೋಷಿಸಿತು. ಅಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬರುವ ಶುಭಾಶಯ ಓದುವುದಕ್ಕೇ ಐದು ನಿಮಿಷ ಬೇಕು. ಆ ಐದು ನಿಮಿಷ ಫೋನು ಮಗುಚಿಡಿ.

ಒಂದು ಎಚ್ಚರಿಕೆ ಮಾತ್ರ ನನ್ನ ಅನುಭವದ್ದು. ಟ್ಯಾಂಕಿಗೆ ನೀರು ಹಾಕಿ ಮೆಟ್ಟಿಲ ಮೇಲೆ ಕೂತಿದ್ದೆ. ಅಂದು ಎಣಿಕೆ ಎಂದಿಗಿಂತ ಚೆನ್ನಾಗಿ ಹಿಡಿಯಿತು. ಎಚ್ಚರವಾದದ್ದು ಅತ್ತೆಯ ಕೂಗಿಗೆ: ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆಯ ನಡುವೆ ನೀರು ಹರಿಯುತ್ತಿತ್ತು. ಮೋಟಾರು ಹಾಕಿ ಕೂರಬೇಡಿ.